ಫರಸಿ ಕಲ್ಲಿನ ಮನೆಯಲ್ಲಿ ಮೋತಿ, ಚಿನ್ನಿ, ಬೆಳ್ಳಿ

ನಾಯಿ, ಬೆಕ್ಕು ಸಾಕಿದ ಮನೆಯಲ್ಲಿ ಅಪಾಯ ಎಲ್ಲಿರುತ್ತದೆ ಅಂತ ಯಾರಾದರೂ ಕೇಳಿದರೆ ನಾನು ಮೊದಲು ಕಾಳಿನ ಕೋಣೆ ತೋರಿಸುತ್ತೇನೆ. ಚಾಕಲೇಟು, ಕರೆಂಟಿನ ವೈರು, ಬಾಲ್ಕನಿ ಎಲ್ಲ ಆಮೇಲೆ. ನಮ್ಮದು ತೊಗರಿ ನಾಡು. ಇಲ್ಲಿನ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ ವಿಶೇಷ ಬೆಳೆ ಅನ್ನುವ ಗುರುತು ಕೂಡ ಸಿಕ್ಕಿದೆ. ಕಲಬುರಗಿಯಲ್ಲಿ ಹೊಲ ಇರುವವರ ಮನೆ ಅಂದಮೇಲೆ ತೊಗರಿ, ಜೋಳ, ಕಡಲೆ ಚೀಲ ಇದ್ದೇ ಇರುತ್ತವೆ. ಚೀಲ ಇದ್ದಲ್ಲಿ ಹುಳ, ಇಲಿ. ಹುಳ, ಇಲಿ ಇದ್ದಲ್ಲಿ ವಿಷ. ಬೇಸಿಗೆ ಬಂತು ಅಂದರೆ ಬೆಕ್ಕು ತಂಪು ಹುಡುಕಿಕೊಂಡು ಹೋಗಿ ಮಲಗುವುದು ಅದೇ ಕೋಣೆಯಲ್ಲಿ.

ನಮ್ಮ ಮನೆ ಹಳೇ ಊರಿನಲ್ಲಿದೆ. ಮುಂದಿನ ಭಾಗ ದಪ್ಪ ಕಲ್ಲಿನ ಗೋಡೆ, ನೆಲಕ್ಕೆ ಶಹಾಬಾದ್ ಫರಸಿ. ಹಿಂದಿನ ಎರಡು ಕೋಣೆ ಈಚೆಗೆ ಕಟ್ಟಿಸಿದ್ದು. ಅತ್ತೆ, ಮಾವ, ನಾವಿಬ್ಬರು, ಮಗಳು ಇರುತ್ತೇವೆ. ಜೊತೆಗೆ ಬೀದಿಯಿಂದ ಬಂದ ಮೋತಿ ಎಂಬ ನಾಯಿ, ಚಿನ್ನಿ ಮತ್ತು ಬೆಳ್ಳಿ ಎಂಬ ಎರಡು ಬೆಕ್ಕು. ಆಳಂದ ಕಡೆ ಹೊಲ ಇದೆ. ಮೋತಿಯನ್ನು ಮನೆಯೊಳಗೆ ಸೇರಿಸುವ ಮೊದಲೇ ನಾನು ಒಂದು ಮಾತು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡಿದ್ದೆ. ಪ್ರಾಣಿಗೆ ಬುದ್ಧಿ ಹೇಳುತ್ತಾ ಕೂರುವುದಲ್ಲ, ಮನೆಯನ್ನೇ ಸರಿ ಮಾಡಬೇಕು. ನಾಯಿ ಮೂಸುತ್ತದೆ, ನೆಕ್ಕುತ್ತದೆ. ಬೆಕ್ಕು ಹತ್ತುತ್ತದೆ, ಸಂದಿಯಲ್ಲಿ ತೂರುತ್ತದೆ. ಅದು ಅವುಗಳ ಹುಟ್ಟುಗುಣ. ಬಾಯಿಗೆ ಸಿಗುವ ಜಾಗದಲ್ಲಿ ವಿಷ ಇಟ್ಟು ಆಮೇಲೆ ನಾಯಿಯನ್ನು ಬೈದರೆ ಏನು ಬಂತು? ಅದಕ್ಕೇ ನಮ್ಮ ಖರ್ಚೆಲ್ಲ ಹೋಗಿದ್ದು ಗೌಂಡಿಗೆ, ವೆಲ್ಡರ್‌ಗೆ, ಎಲೆಕ್ಟ್ರಿಷಿಯನ್‌ಗೆ. ಬಣ್ಣಬಣ್ಣದ ಹಾಸಿಗೆ, ಆಟಿಕೆಗಳಿಗೆ ಅಲ್ಲ.

ಕಾಳಿನ ಕೋಣೆಯಿಂದಲೇ ಶುರು ಮಾಡಿದೆ. ನಮ್ಮ ಕಡೆ ಕಾಳಿನ ಚೀಲದ ನಡುವೆ ಗುಳಿಗೆ ಇಡುವ ರೂಢಿ ಬಹಳ. ಅದು ಅಲ್ಯೂಮಿನಿಯಂ ಫಾಸ್ಫೈಡ್. ಗಾಳಿಯಲ್ಲಿರುವ ತೇವ ತಾಗಿದರೆ ಸಾಕು, ಫಾಸ್ಫೀನ್ ಅನ್ನುವ ವಿಷಗಾಳಿ ಬಿಡುತ್ತದೆ. ಹುಳ ಸಾಯುವುದು ಅದರಿಂದಲೇ. ಆದರೆ ಆ ಗಾಳಿಗೆ ಹುಳ ಯಾವುದು, ಬೆಕ್ಕು ಯಾವುದು, ಮಗು ಯಾವುದು ಅಂತ ಗೊತ್ತಾಗುವುದಿಲ್ಲ. ಮಾಮೂಲಿ ಗಾಳಿಗಿಂತ ತುಸು ಭಾರ ಇರುವುದರಿಂದ ಗಾಳಿಯಾಡದ ಕೋಣೆಯಲ್ಲಿ ನೆಲದ ಹತ್ತಿರ ನಿಲ್ಲಬಹುದು. ನಾಯಿ, ಬೆಕ್ಕು ಉಸಿರಾಡುವುದೂ ಅಲ್ಲೇ. ಬೆಳ್ಳುಳ್ಳಿಯ ಹಾಗೆ ಅಥವಾ ಕೊಳೆತ ಮೀನಿನ ಹಾಗೆ ವಾಸನೆ ಬಂದರೆ ಆ ಕೋಣೆಯಲ್ಲಿ ಒಂದು ಗಳಿಗೆಯೂ ನಿಲ್ಲಬಾರದು. ಇದಕ್ಕೆ ಮದ್ದು ಅಂತ ಇಲ್ಲ. ಜನ ವಾಸ ಮಾಡುವ ಮನೆಯಲ್ಲಿ ಇದನ್ನು ಬಳಸಲೇಬಾರದು. ತರಬೇತಿ ಪಡೆದವರು ಗಾಳಿ ಹೊರಹೋಗದಂತೆ ಮುಚ್ಚಿದ ಗೋದಾಮಿನಲ್ಲಿ ಬಳಸುವ ವಸ್ತು ಇದು.

ಮಾವನವರಿಗೆ ಇದು ಸುಲಭಕ್ಕೆ ಒಪ್ಪಿಗೆ ಆಗಲಿಲ್ಲ. "ಗುಳಿಗಿ ಹಾಕಲಿಲ್ಲಂದ್ರ ತೊಗರಿಗಿ ಹುಳ ಹತ್ತತಾವ. ನಾಯಿ ಸಲುವಾಗಿ ವರ್ಷದ ಕಾಳು ಕಳ್ಕೊಬೇಕೇನವ್ವಾ?" ಅಂದರು.

"ಮಾವಾರ, ನಾಯಿ ಸಲುವಾಗಿ ಅಷ್ಟೇ ಅಲ್ರಿ. ಆ ಕೋಣಿ ಗ್ವಾಡಿ ಆಚಿಗಿ ನಿಮ್ಮ ಮೊಮ್ಮಗಳು ಮಲಗ್ತಾಳ" ಅಂದೆ. ಆಮೇಲೆ ಅವರು ಗುಳಿಗೆಯ ಮಾತು ಎತ್ತಲಿಲ್ಲ.

ಗುಳಿಗೆ ಬಿಟ್ಟಮೇಲೆ ಕಾಳು ಉಳಿಯಬೇಕಲ್ಲ. ತೊಗರಿಯನ್ನು ಮಾಳಿಗೆಯ ಮೇಲೆ ಚೆನ್ನಾಗಿ ಒಣಗಿಸುತ್ತೇವೆ. ನಮ್ಮ ಬಿಸಿಲಿಗೆ ಅದೇನು ಕಷ್ಟದ ಕೆಲಸ ಅಲ್ಲ. ಆರಿದ ಮೇಲೆ ಬಿಗಿ ಮುಚ್ಚಳದ ತಗಡಿನ ಡ್ರಮ್ಮಿಗೆ ಬಾಯಿಮಟ್ಟ ತುಂಬಿ ಮುಚ್ಚುತ್ತೇವೆ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಹುಳ ಬೆಳೆಯುವುದಿಲ್ಲ. ಅತ್ತೆಯವರು ಬೇಳೆಗೆ ಎಣ್ಣೆ ಸವರಿ ಇಡುತ್ತಾರೆ, ಅದು ಅವರ ತವರಿನ ಪದ್ಧತಿ. ಡ್ರಮ್ಮಿನಿಂದ ಇನ್ನೊಂದು ಲಾಭ ಆಯಿತು. ಇಲಿಗೆ ತಗಡು ಕಡಿಯಲಾಗದು. ಚೀಲ ಹೋದಮೇಲೆ ಇಲಿ ಅರ್ಧ ಕಡಿಮೆ ಆದವು. ಉಳಿದವಕ್ಕೆ ಬೋನು.

ಇಲಿ ಪಾಷಾಣದ ಬಗ್ಗೆ ಎರಡು ಮಾತು ಹೇಳಲೇಬೇಕು. ಅಂಗಡಿಯಲ್ಲಿ ಸಿಗುವ ಕಪ್ಪು ಬೂದು ಬಣ್ಣದ ಪುಡಿ ಜಿಂಕ್ ಫಾಸ್ಫೈಡ್. ಹೊಟ್ಟೆಗೆ ಹೋದ ಮೇಲೆ ಅದೂ ಫಾಸ್ಫೀನ್ ಬಿಡುತ್ತದೆ, ಅದಕ್ಕೂ ಮದ್ದಿಲ್ಲ. ಅದನ್ನು ತಿಂದ ನಾಯಿ ವಾಂತಿ ಮಾಡಿದರೆ ಆ ವಾಂತಿಯಿಂದ ಬರುವ ಗಾಳಿ ಮನುಷ್ಯರಿಗೂ ಕೆಟ್ಟದ್ದು. ಕಿಟಕಿ, ಬಾಗಿಲು ತೆರೆದೇ ಹತ್ತಿರ ಹೋಗಬೇಕು. ಇನ್ನೊಂದು ಬಗೆ ಕೇಕಿನ ಹಾಗೆ ಸಿಗುವ ಬ್ರೋಮಾಡಯೋಲೋನ್. ಇದು ರಕ್ತ ಹೆಪ್ಪುಗಟ್ಟುವುದನ್ನು ತಡೆಯುತ್ತದೆ. ತಿಂದ ದಿನ ನಾಯಿ ಆರಾಮಾಗೇ ಇರುತ್ತದೆ. ಕೆಲವು ದಿನ ಕಳೆದು ಮೂಗಿನಿಂದಲೋ ಒಸಡಿನಿಂದಲೋ ರಕ್ತ ಬರುತ್ತದೆ. ಇದಕ್ಕೆ ವಿಟಮಿನ್ ಕೆ1 ಮದ್ದು ಇದೆ, ಆದರೆ ಬೇಗ ಹೋಗಬೇಕು. ಹಾಗಾಗಿ ಏನು ತಿಂದಿದೆ ಅನ್ನುವ ಪ್ಯಾಕೆಟ್ಟನ್ನು ಕೈಯಲ್ಲಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಓಡಬೇಕು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದು, ಹಾಲು ಹೊಯ್ಯುವುದು ಬೇಡ. ಉಪ್ಪೇ ಇನ್ನೊಂದು ವಿಷ ಆಗುತ್ತದೆ. ನಮ್ಮ ಮನೆಯಲ್ಲಿ ಪಾಷಾಣ ತರುವುದನ್ನೇ ನಿಲ್ಲಿಸಿದೆವು. ಅಕ್ಕಪಕ್ಕದ ಮನೆಯವರಿಗೂ ಕೇಳಿಕೊಂಡೆ. ಯಾಕೆಂದರೆ ಪಕ್ಕದ ಮನೆಯಲ್ಲಿ ಪಾಷಾಣ ತಿಂದ ಇಲಿ ನಮ್ಮ ಚಿನ್ನಿಯ ಬಾಯಿಗೆ ಬರುವುದಕ್ಕೆ ಒಂದು ಗೋಡೆ ಅಡ್ಡಿಯೇ?

ಹಳೇ ಮನೆಗಳಲ್ಲಿ ಹಗೇವು ಇರುವುದುಂಟು. ನೆಲದೊಳಗೆ ತೋಡಿದ ಕಾಳಿನ ಗುಂಡಿ, ಬಾಯಿಗೆ ಒಂದು ಬಂಡೆ. ಈಗ ಯಾರೂ ಬಳಸುವುದಿಲ್ಲ, ಬಂಡೆ ಸರಿದಿದ್ದರೂ ಯಾರ ಗಮನಕ್ಕೂ ಬರುವುದಿಲ್ಲ. ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಬೆಕ್ಕು ಬಿದ್ದರೆ ಅದನ್ನು ಎತ್ತಲು ಇಳಿದವರ ಜೀವಕ್ಕೂ ಸಂಚಕಾರ. ನಮ್ಮ ಅಂಗಳದ ಹಗೇವನ್ನು ಕಲ್ಲು ಮಣ್ಣು ತುಂಬಿಸಿ ಮೇಲೆ ಫರಸಿ ಹಾಕಿಸಿಬಿಟ್ಟೆವು.

ಇನ್ನು ಉಣ್ಣಿ. ಮನೆ ಸರಿ ಮಾಡುವುದರಲ್ಲಿ ಜಾಸ್ತಿ ಶ್ರಮ ಬೇಡಿದ್ದು ಇದೇ. ನಾಯಿ ಸಾಕಿದ ಬಹಳ ಜನ ಉಣ್ಣಿಯನ್ನು ನಾಯಿಯ ಮೈಮೇಲೆ ಮಾತ್ರ ಹುಡುಕುತ್ತಾರೆ. ಅದರ ನಿಜವಾದ ಮನೆ ಗೋಡೆ. ಮೊಟ್ಟೆಯಿಂದ ಹೊರಬಂದ ಮರಿ ನಾಯಿಯ ರಕ್ತ ಕುಡಿಯುತ್ತದೆ, ಕೆಳಗೆ ಬೀಳುತ್ತದೆ, ಸಂದಿ ಸೇರಿ ಪೊರೆ ಬಿಡುತ್ತದೆ. ಮತ್ತೆ ಬರುತ್ತದೆ, ಕುಡಿಯುತ್ತದೆ, ಬೀಳುತ್ತದೆ. ಕೊನೆಗೆ ರಕ್ತ ಕುಡಿದು ಉಬ್ಬಿದ ಹೆಣ್ಣು ಗೋಡೆ ಹತ್ತಿ ಬಿರುಕಿನಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಏನೂ ತಿನ್ನದೆ ತಿಂಗಳುಗಟ್ಟಲೆ ಬದುಕುವ ಶಕ್ತಿ ಅದಕ್ಕಿದೆ. ಕಲ್ಲಿನ ಗೋಡೆ, ಫರಸಿ ನೆಲ ಅಂದರೆ ಸಂದಿಗಳೇ ತುಂಬಿದ ಜಾಗ ಅಲ್ವಾ. ನಾಯಿಗೆ ಎಷ್ಟು ಔಷಧ ಹಾಕಿದರೂ ಗೋಡೆಯನ್ನು ಹಾಗೇ ಬಿಟ್ಟರೆ ಮತ್ತೆ ಮತ್ತೆ ಬರುತ್ತವೆ.

ರಾತ್ರಿ ಬ್ಯಾಟರಿ ಹಿಡಿದು ಪಡಸಾಲೆಯ ಗೋಡೆಯನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದೆ. ಮೋತಿ ಒರಗಿ ಮಲಗುವ ಮೂಲೆಯಲ್ಲಿ, ನೆಲದ ಫರಸಿ ಗೋಡೆಗೆ ಕೂಡುವ ಗೆರೆಯಲ್ಲಿ, ದೀಪ ಇಡುವ ಗೂಡಿನ ಒಳಮೂಲೆಯಲ್ಲಿ, ಬಾಗಿಲ ಚೌಕಟ್ಟಿನ ಹಿಂದೆ ಕಂಡವು. ಚಪ್ಪಟೆ, ಕಂದು ಬಣ್ಣ, ಎಳ್ಳಿನಷ್ಟು ಗಾತ್ರ. ಬೆಳಕು ಬಿದ್ದ ಕೂಡಲೇ ಒಳಗೆ ಸರಿದವು. ಗೋಡೆಯ ಮೇಲೆ, ನನ್ನ ಎದೆಯ ಎತ್ತರದಲ್ಲೂ ಇದ್ದವು. ಚಿಮಟದಲ್ಲಿ ಹಿಡಿದು ಸೋಪಿನ ನೀರಿಗೆ ಹಾಕಿದೆ. ಉಗುರಿನಿಂದ ಕುಟ್ಟಬಾರದು. ಒಳಗಿನ ರಕ್ತದಲ್ಲಿ ರೋಗ ಇರುತ್ತದೆ.

ಮರುದಿನ ಗೌಂಡಿಯನ್ನು ಕರೆಸಿ ತೋರಿಸಿದೆ. "ಅಕ್ಕಾರ, ಇಷ್ಟು ಸಣ್ಣ ಸಂದಿ ಯಾರೂ ತುಂಬಸಂಗಿಲ್ರಿ" ಅಂದರು. ಉಣ್ಣಿಯ ಕಥೆ ಪೂರ್ತಿ ಹೇಳಿದ ಮೇಲೆ ಅವರೇ ಮೊಳಕಾಲೂರಿ ಕೂತು ಒಂದೊಂದು ಸಂದಿಯನ್ನೂ ಕೆರೆದು ಹಳೇ ಗಾರೆ ತೆಗೆದರು. ಕುದಿಯುವ ನೀರನ್ನು ಸಂದಿಗಳಿಗೆ ಹೊಯ್ದೆವು. ಅದು ಉಣ್ಣಿಯನ್ನೂ ಮೊಟ್ಟೆಯನ್ನೂ ಕೊಲ್ಲುತ್ತದೆ, ವಿಷ ಏನೂ ಉಳಿಯುವುದಿಲ್ಲ. ಒಣಗಿದ ಮೇಲೆ ನೆಲದ ಸಂದಿಗೆ ಬಿಳಿ ಸಿಮೆಂಟು, ಗೋಡೆಗೆ ಸಿಮೆಂಟು ಮರಳಿನ ಗಾರೆ, ಮೇಲೆ ಸುಣ್ಣ. ಈ ಕೆಲಸ ನಡೆಯುವಾಗ ನಾಯಿ, ಬೆಕ್ಕು ಹಿಂದಿನ ಕೋಣೆಯಲ್ಲೇ ಇದ್ದವು. ಹಸಿ ಸಿಮೆಂಟು, ಹಸಿ ಸುಣ್ಣ ಪಾದ ಸುಡುತ್ತವೆ, ನೆಕ್ಕಿದರೆ ಬಾಯಿಯೂ ಸುಡುತ್ತದೆ. ಪೂರ್ತಿ ಒಣಗುವವರೆಗೆ ಆ ಕಡೆ ಬಿಡಲಿಲ್ಲ.

ಅದರ ಜೊತೆಗೇ ಮೋತಿಗೆ ಡಾಕ್ಟರು ತೂಕ ನೋಡಿ ಉಣ್ಣಿಯ ಗುಳಿಗೆ ಕೊಟ್ಟರು. ಗೋಡೆ, ನಾಯಿ ಎರಡೂ ಒಟ್ಟಿಗೆ ಆಗಬೇಕು. ಹೊಲಕ್ಕೆ ಹೊಡೆಯುವ ಎಣ್ಣೆಯನ್ನು, ಅಂದರೆ ಕೀಟನಾಶಕವನ್ನು ನೀರಿಗೆ ಬೆರೆಸಿ ನಾಯಿಗೆ ಸ್ನಾನ ಮಾಡಿಸುವವರನ್ನು ನಾನು ಕಂಡಿದ್ದೇನೆ. ದಯವಿಟ್ಟು ಬೇಡ. ಚರ್ಮದ ಮೂಲಕ ಒಳಗೆ ಹೋಗುತ್ತದೆ, ನೆಕ್ಕಿದರೆ ಹೊಟ್ಟೆಗೂ ಹೋಗುತ್ತದೆ. ನಾಯಿಗೆ ಅಂತ ಮಾರುವ ಪರ್ಮೆತ್ರಿನ್ ಇರುವ ಪುಡಿ, ಹನಿ ಔಷಧವನ್ನು ಬೆಕ್ಕಿಗೆ ಹಾಕಿದರೆ ಬೆಕ್ಕು ನಡುಗಿ, ಸೆಳೆತ ಬಂದು ಸಾಯಬಹುದು. ನಾಯಿ, ಬೆಕ್ಕು ಎರಡೂ ಇರುವ ಮನೆಯಲ್ಲಿ ನಾಯಿಗೆ ಏನು ಹಾಕಿಸುವಾಗಲೂ "ಮನೆಯಲ್ಲಿ ಬೆಕ್ಕಿದೆ" ಅಂತ ಡಾಕ್ಟರಿಗೆ ಹೇಳಬೇಕು. ಉಣ್ಣಿ ಜ್ವರ ಸಣ್ಣದಲ್ಲ. ಊಟ ಬಿಡುವುದು, ಒಸಡು ಬಿಳಿಚುವುದು, ಮೂಗಿನಿಂದ ರಕ್ತ, ಮೂತ್ರ ಕಾಫಿ ಬಣ್ಣ, ಇದರಲ್ಲಿ ಯಾವುದು ಕಂಡರೂ ನಾಳೆ ನೋಡೋಣ ಅನ್ನಬಾರದು.

ಫರಸಿ ನೆಲದ ಬಗ್ಗೆ ಇನ್ನೊಂದು. ಶಹಾಬಾದ್ ಕಲ್ಲು ಸುಣ್ಣದ ಕಲ್ಲು. ಆ್ಯಸಿಡ್ ಹಾಕಿ ತೊಳೆದರೆ ಬುರುಗು ಬಂದು ಕಲ್ಲೇ ಸವೆಯುತ್ತದೆ. ಆ ಹೊಗೆ ಪ್ರಾಣಿಯ ಮೂಗಿಗೂ ಕೆಟ್ಟದ್ದು. ಫಿನಾಯಿಲ್ ಕೂಡ ಬಿಟ್ಟೆ. ಬೆಕ್ಕು ಒದ್ದೆ ನೆಲದ ಮೇಲೆ ನಡೆದು ಪಾದ ನೆಕ್ಕುತ್ತದೆ. ಫಿನಾಯಿಲ್‌ನಲ್ಲಿರುವ ಫೀನಾಲನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಸೋಪಿನ ನೀರು, ಆಮೇಲೆ ಬರೀ ನೀರು, ಅಷ್ಟೇ ಸಾಕು. ನೆಲ ಚೊಕ್ಕಟವಾಗಿಯೇ ಇದೆ.

ಬೆಕ್ಕಿನ ಯಕೃತ್ತಿನ ಇದೇ ಗುಣದಿಂದ ಜ್ವರದ ಗುಳಿಗೆಯೂ ಅದಕ್ಕೆ ವಿಷ. ನಾವು ನುಂಗುವ ಪ್ಯಾರಾಸಿಟಮಾಲ್ ಗುಳಿಗೆ ಒಂದೇ ಒಂದು ಹೊಟ್ಟೆಗೆ ಹೋದರೂ ಬೆಕ್ಕು ಸಾಯಬಹುದು. ಮಾವನವರ ಗುಳಿಗೆಗಳು ಮೊದಲು ದಿಂಬಿನ ಪಕ್ಕ ಇರುತ್ತಿದ್ದವು. ಈಗ ಚಿಲಕ ಇರುವ ಪೆಟ್ಟಿಗೆಯಲ್ಲಿವೆ. ಬಟ್ಟೆ ಟ್ರಂಕಿನ ಡಾಂಬರ್ ಗುಳಿಗೆ ತೆಗೆದು ಒಣ ಬೇವಿನ ಎಲೆ ಹಾಕಿದ್ದೇವೆ. ನನ್ನ ಹೊಲಿಗೆ ಯಂತ್ರದ ಮೇಲೆ ಸೂಜಿ ದಾರ ಬಿಡುವುದಿಲ್ಲ. ಬೆಕ್ಕಿನ ನಾಲಿಗೆಯ ಮುಳ್ಳು ಒಳಮುಖವಾಗಿ ಇರುವುದರಿಂದ ದಾರ ಬಾಯಿಗೆ ಹೋದರೆ ಉಗುಳಲಾಗದೆ ನುಂಗಿಬಿಡುತ್ತದೆ. ಬಾಯಲ್ಲೋ ಹಿಂದೆಯೋ ದಾರ ನೇತಾಡುತ್ತಿದ್ದರೆ ಎಳೆಯಬಾರದು, ಕರುಳು ಕೊಯ್ಯುತ್ತದೆ. ಹಾಗೇ ಡಾಕ್ಟರ ಹತ್ತಿರ ಒಯ್ಯಬೇಕು.

ಬೇಸಿಗೆಗೆ ಬರೋಣ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 42, 43 ಡಿಗ್ರಿ ಮಾಮೂಲು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ. ಪಾದದಲ್ಲಿ ಸ್ವಲ್ಪ ಬೆವರುತ್ತದೆ, ಉಳಿದದ್ದೆಲ್ಲ ಏದುಸಿರಿನಿಂದ. ಹಾಗಾಗಿ ಬರೀ ಫ್ಯಾನ್ ಹಾಕಿ ಕೂಡಿಹಾಕಿದರೆ ಅದಕ್ಕೆ ತಂಪಾಗುವುದಿಲ್ಲ. ಮಧ್ಯಾಹ್ನ ಮುಂದಿನ ಕಲ್ಲಿನ ಕೋಣೆಯ ಬಾಗಿಲು ತೆರೆದೇ ಇರುತ್ತದೆ, ಬಚ್ಚಲಿನದೂ ಅಷ್ಟೇ. ಎಲ್ಲಿ ತಂಪು ಅನ್ನುವುದು ಮೋತಿಗೇ ಚೆನ್ನಾಗಿ ಗೊತ್ತು. ನಾನು ಮಾಡುವುದು ಇಷ್ಟೇ, ಅದಕ್ಕೆ ಬಾಗಿಲು ಹಾಕದಿರುವುದು. ಹಿಂದಿನ ಹೊಸ ಕೋಣೆಗಳ ಆರ್‌ಸಿಸಿ ಛತ್ತು ಕಾದು ರಾತ್ರಿಯವರೆಗೂ ಬಿಸಿ ಬಿಡುತ್ತದೆ. ಕರೆಂಟು ಹೋದರೆ ಆ ಕೋಣೆಗಳು ಬೆಂಕಿ. ಅಲ್ಲಿ ಬಾಗಿಲು ಹಾಕಿ ಪ್ರಾಣಿ ಬಿಟ್ಟು ಹೊರಗೆ ಹೋಗುವುದನ್ನು ನಮ್ಮ ಮನೆಯಲ್ಲಿ ಯಾರೂ ಮಾಡುವುದಿಲ್ಲ. ಮಣ್ಣಿನ ಬಟ್ಟಲಿನಲ್ಲಿ ನೀರು ಅಂಗಳ, ಪಡಸಾಲೆ, ಮಾಳಿಗೆ ಮೆಟ್ಟಿಲ ಕೆಳಗೆ, ಮೂರೂ ಕಡೆ.

ಕೂಲರ್ ಇಲ್ಲದೆ ನಮಗೆ ಬೇಸಿಗೆ ಕಳೆಯುವುದಿಲ್ಲ. ತಗಡಿನ ಮೈ, ಒಳಗೆ ನೀರು, ಪಂಪಿಗೆ ಕರೆಂಟು. ಎದುರಿಗೆ ಒದ್ದೆ ನೆಲದ ಮೇಲೆ ನಾಯಿ ಮೈಚಾಚಿ ಮಲಗಿರುತ್ತದೆ. ಒಳಗೆ ವೈರು ಸುಲಿದಿದ್ದರೆ ತಗಡೇ ಹೊಡೆಯುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಯಾದ ಅರ್ಥಿಂಗ್ ಮಾಡಿಸಿದೆವು, 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿದೆವು. ಸ್ವಲ್ಪ ಕರೆಂಟು ಸೋರಿದರೂ ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಪ್ರಾಣಿಗಾಗಿ ಮಾಡಿಸಿದ ಕೆಲಸಗಳಲ್ಲಿ ಇಡೀ ಮನೆಗೆ ಉಪಯೋಗ ಆಗಿದ್ದು ಇದು. ಕೂಲರಿನ ವೈರನ್ನು ಪೈಪಿನೊಳಗೆ ಹಾಯಿಸಿ ಗೋಡೆಗೆ ಹೊಡೆಸಿದ್ದೇವೆ.

ತಿರುಗಾಡಿಸಲು ಬೆಳಿಗ್ಗೆ ಬೇಗ ಅಪ್ಪನ ಕೆರೆ ಕಡೆ ಹೋಗುತ್ತೇವೆ. ಸಂಜೆ ಹೊತ್ತು ಮುಳುಗಿದರೂ ಡಾಂಬರು ರಸ್ತೆ ಕಾದೇ ಇರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಡಲಾಗದಿದ್ದರೆ ಮೋತಿಯ ಪಾದಕ್ಕೂ ಆಗದು. ನಾಯಿಯ ಮೈಯ ಸಹಜ ಬಿಸಿಯೇ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್. ಅದು 105 ದಾಟಿದರೆ ಜೀವಕ್ಕೆ ಅಪಾಯ. ಜೋರು ಏದುಸಿರು, ಅಂಟುಅಂಟಾದ ಜೊಲ್ಲು, ಕೆಂಪಾದ ಒಸಡು, ತೂರಾಡುವ ನಡಿಗೆ, ಇವು ಗುರುತು. ಆಗ ನೆರಳಿಗೆ ತಂದು ಮೈಗೆಲ್ಲ ನಲ್ಲಿ ನೀರು ಹೊಯ್ದು ಫ್ಯಾನ್ ಗಾಳಿ ಬಿಡಬೇಕು. ಹಾಗೇ ಆಸ್ಪತ್ರೆಗೆ ಹೊರಡಬೇಕು. ಒದ್ದೆ ಟವೆಲ್ ಹೊದಿಸಿ ಬಿಟ್ಟರೆ ಅದು ಬಿಸಿಯಾಗಿ ಕಾವನ್ನು ಒಳಗೇ ಹಿಡಿಯುತ್ತದೆ. ಪಗ್ ತರಹದ ಚಪ್ಪಟೆ ಮೂತಿಯ ನಾಯಿಗಳಿಗೆ ನಮ್ಮ ಊರಿನ ಬೇಸಿಗೆ ನಿಜಕ್ಕೂ ಹಿಂಸೆ. ಅಂಥ ಮರಿ ತರುವ ಮೊದಲು ಯೋಚನೆ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೀದಿಯ ಮರಿಗಳು ಈ ನೆಲದವು, ಈ ಬಿಸಿಲಿಗೆ ಹೊಂದಿಕೊಂಡವು.

ನೀರು ಇಲ್ಲಿ ದಿನಾ ಬರುವುದಿಲ್ಲ. ಹಿಡಿದಿಡಬೇಕು. ನೆಲದಡಿಯ ನೀರಿನ ಸಂಪ್‌ಗೆ ತಿರುಗಣೆಯಿರುವ ಕಬ್ಬಿಣದ ಮುಚ್ಚಳ ಮಾಡಿಸಿ ಚಿಲಕ ಹಾಕಿಸಿದ್ದೇವೆ. ಡ್ರಮ್ಮುಗಳಿಗೂ ಮುಚ್ಚಳ. ಅರ್ಧ ತುಂಬಿದ ಡ್ರಮ್ಮೇ ಹೆಚ್ಚು ಕೆಟ್ಟದ್ದು. ನೀರು ಕುಡಿಯಲು ಬಾಗಿ ಬಿದ್ದ ಬೆಕ್ಕಿಗೆ ನುಣುಪಾದ ಪ್ಲಾಸ್ಟಿಕ್ ಹತ್ತಿ ಬರಲಾಗುವುದಿಲ್ಲ.

ಅಡುಗೆಮನೆಯ ವಿಷಯ ಅತ್ತೆಯವರದು. ಉಂಡಮೇಲೆ ನಾಯಿಗೆ ರೊಟ್ಟಿ ಹಾಕುವುದು ಅವರಿಗೆ ಧರ್ಮ. ಆದರೆ ನಮ್ಮ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಪುಂಡಿ ಪಲ್ಯ, ಎಲ್ಲದರಲ್ಲೂ ಬೆಳ್ಳುಳ್ಳಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿ ಬೆಕ್ಕಿನ ಕೆಂಪು ರಕ್ತಕಣ ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಅಷ್ಟೇ. "ನಾಯಿಗಿ ರೊಟ್ಟಿ ಹಾಕಬ್ಯಾಡ ಅಂದ್ರ ಹ್ಯಾಂಗ ನನ್ನವ್ವಾ?" ಅಂದರು. "ರೊಟ್ಟಿ ಹಾಕ್ರಿ ಅತ್ತಿ, ಹಿಂಡಿ ಹಚ್ಚಬ್ಯಾಡ್ರಿ" ಅಂದೆ. ಈಗ ಒಂದು ರೊಟ್ಟಿ ಮೊದಲೇ ಬೇರೆ ತೆಗೆದಿಡುತ್ತಾರೆ. ಪಾಯಸದ ಒಣದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ, ಬೇಯಿಸಿದ ಕೋಳಿ ಮೂಳೆ ಚೂರಾಗಿ ಗಂಟಲಿಗೆ ಚುಚ್ಚುತ್ತದೆ. ಅವೆರಡೂ ಬಂದ್.

ಅಂಗಳದ ಕಣಗಿಲ ಬೇರುಸಹಿತ ಕಿತ್ತೆವು. ಅದರ ಎಲೆ, ಹೂವು, ಅದನ್ನು ಇಟ್ಟ ನೀರು ಎಲ್ಲವೂ ಹೃದಯಕ್ಕೆ ವಿಷ. ಪೂಜೆಗೆ ಮಲ್ಲಿಗೆ, ದಾಸವಾಳ, ಗುಲಾಬಿ ಇವೆ. ಲಿಲ್ಲಿ ಹೂವಿನ ಗುಚ್ಛವನ್ನು ಮನೆಯೊಳಗೆ ತರುವುದಿಲ್ಲ, ಅದರ ಪರಾಗ ನೆಕ್ಕಿದರೂ ಬೆಕ್ಕಿನ ಮೂತ್ರಪಿಂಡ ಹೋಗುತ್ತದೆ.

ಹೊಲದಿಂದ ಮನೆಗೆ ಬರುವುದನ್ನೂ ನೋಡಬೇಕು. ತೊಗರಿ ಹೂವು, ಕಾಯಿ ಹಿಡಿಯುವಾಗ ಕಾಯಿಕೊರಕಕ್ಕೆ ಎಣ್ಣೆ ಹೊಡೆಯುತ್ತಾರೆ. ಆ ಡಬ್ಬಿ ಖಾಲಿಯಾದರೆ ತೊಳೆದು ನಾಯಿಗೆ ನೀರಿಡುವ ರೂಢಿ ಹಲವು ಕಡೆ ಇದೆ. ತೊಳೆದರೆ ಹೋಗುವ ವಿಷ ಅಲ್ಲ ಅದು. ನಮ್ಮವರು ಈಗ ಡಬ್ಬಿಗೆ ತೂತು ಹೊಡೆದು ಯಾರಿಗೂ ಬಳಸಲಾಗದ ಹಾಗೆ ಮಾಡುತ್ತಾರೆ. ಹೊಡೆಯುವ ದಿನ ಉಟ್ಟ ಬಟ್ಟೆ, ಚಪ್ಪಲಿ ಹೊರಗಿನ ಬಚ್ಚಲಿನಲ್ಲೇ. ಎಳ್ಳ ಅಮಾವಾಸ್ಯೆಗೆ ಚರಗ ಚೆಲ್ಲಲು, ಅಂದರೆ ಹೊಲಕ್ಕೆ ನೈವೇದ್ಯ ಚೆಲ್ಲಲು ಹೋಗುವಾಗ ಮೋತಿಯೂ ಗಾಡಿ ಹತ್ತುತ್ತಾನೆ. ಆಗ ಸುತ್ತಲಿನ ಹೊಲದಲ್ಲಿ ಯಾರು ಯಾವಾಗ ಹೊಡೆದಿದ್ದಾರೆ ಅಂತ ಕೇಳಿಯೇ ಬಿಡುತ್ತೇವೆ, ಮನೆಗೆ ಬಂದ ಕೂಡಲೇ ನಾಲ್ಕೂ ಪಾದ ತೊಳೆಯುತ್ತೇವೆ.

ದೀಪಾವಳಿಯ ಪಟಾಕಿಗೆ ಕಾಳಿನ ಕೋಣೆಯೇ ಮೂವರಿಗೂ ಆಸರೆ. ದಪ್ಪ ಗೋಡೆ, ಕಿಟಕಿ ಇಲ್ಲ, ಸದ್ದು ಒಳಗೆ ಬರುವುದು ಕಡಿಮೆ. ವಿಷ ತೆಗೆದಿದ್ದರಿಂದ ತಾನೇ ಅಲ್ಲಿ ಬಿಡಲು ಆಯಿತು.

ಬಾಗಿಲ ಹಿಂದಿನ ಮೊಳೆಗೆ ಒಂದು ಚೀಲ ನೇತುಹಾಕಿದ್ದೇನೆ. ಅದರಲ್ಲಿ ಮೂವರ ಲಸಿಕೆ ಕಾರ್ಡು, ಹಗ್ಗ, ದಪ್ಪ ಟವೆಲ್, ಥರ್ಮಾಮೀಟರ್, ಚಿಮಟ, ಡಾಕ್ಟರ ನಂಬರು ಇವೆ. ಬೆಕ್ಕಿಗೆ ಮುಚ್ಚಳದ ಬುಟ್ಟಿ ಪಕ್ಕದಲ್ಲೇ ಇದೆ. ಪಶುಪಾಲನಾ ಇಲಾಖೆಯ ಸಂಚಾರಿ ಆಸ್ಪತ್ರೆಯ 1962 ನಂಬರನ್ನೂ ಬರೆದಿಟ್ಟಿದ್ದೇವೆ. ಮೋತಿಗಿಂತ ನಮ್ಮ ದನಗಳಿಗೇ ಅದು ಹೆಚ್ಚು ಉಪಯೋಗ. ಇಲ್ಲಿ ಆಗದ ದೊಡ್ಡ ತೊಂದರೆ ಬಂದರೆ ಬೀದರ್‌ನ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ. ನೂರು ಕಿಲೋಮೀಟರಿಗೂ ಜಾಸ್ತಿ ದೂರ. ವಿಷ ತಿಂದ ಪ್ರಾಣಿಗೆ ಅಷ್ಟು ಹೊತ್ತು ಇರುವುದಿಲ್ಲ, ಆದ್ದರಿಂದ ಮೊದಲ ಮದ್ದು ಊರಲ್ಲೇ ಆಗಬೇಕು. ರಾತ್ರಿ ಹೊತ್ತು ಫೋನು ಎತ್ತುವ ಡಾಕ್ಟರು ಯಾರು ಅಂತ ಮೊದಲೇ ಕೇಳಿ ತಿಳಿದುಕೊಂಡಿರಿ.

ಮಾಳಿಗೆಯ ಕಟ್ಟೆ ಗಿಡ್ಡ ಇದೆ, ಅದಕ್ಕೆ ಜಾಲರಿ ಹೊಡೆಸುವುದು ಇನ್ನೂ ಬಾಕಿ. ವೆಲ್ಡರ್ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಯುಗಾದಿಯೊಳಗೆ ಮುಗಿಸುತ್ತೇವೆ. ಅಲ್ಲಿಯವರೆಗೆ ಮೆಟ್ಟಿಲ ಬಾಗಿಲಿಗೆ ಚಿಲಕ, ಕೀಲಿ ಅತ್ತೆಯವರ ಸೊಂಟದಲ್ಲಿ.